ಬೇಕಾದ ಎಲೆ ಬಂದೂ ಸೋತವರಿಗೆ

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಲೆಕ್ಕದ ಪಂಡಿತರಿಗೆ,

ನಿಮ್ಮ ಕಾಗದ ತಲುಪಿತು. ನಾಲ್ಕು ಹಾಳೆ, ಎರಡೂ ಮಗ್ಗುಲು. ತಪ್ಪಾಯಿತು ಎನ್ನುವ ಮಾತು ಎಲ್ಲಾದರೂ ಅಡಗಿರಬಹುದೆಂದು ಎರಡು ಸಲ ಓದಿದೆ. ಅದು ಸಿಗಲಿಲ್ಲ. ಮೂರನೇ ಹಾಳೆಯ ಕೆಳಗೆ ಒಂದು ಗುಣಾಕಾರ ಸಿಕ್ಕಿತು. ನಾವಿಬ್ಬರೂ ಮತ್ತೆ ಒಂದಾಗುವ ಸಾಧ್ಯತೆ ನೂರಕ್ಕೆ ಮೂವತ್ತೈದಂತೆ. ಹನ್ನೊಂದು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಹೀಗೆ ಬರೆಯಬೇಕಾದರೆ ಒಂದೋ ಎದೆಗಾರಿಕೆ ಇರಬೇಕು, ಇಲ್ಲವೇ ತಲೆ ಖಾಲಿ ಇರಬೇಕು. ಎದೆಗಾರಿಕೆ ನಿಮ್ಮಲ್ಲಿ ಯಾವತ್ತೂ ಇರಲಿಲ್ಲ.

ಆ ಭಾನುವಾರ ನಿಮ್ಮ ಲೆಕ್ಕ ಸರಿಯಾಗಿಯೇ ಇತ್ತು, ಅದೃಷ್ಟ ಕೈಕೊಟ್ಟಿತು ಎಂದು ಬರೆದಿದ್ದೀರಿ. ಇದನ್ನು ಓದಿ ನಗು ತಡೆಯಲಾಗಲಿಲ್ಲ. ಅದೃಷ್ಟ ಆ ದಿನ ನೀವು ಕೇಳಿದ ಎಲೆಯನ್ನೇ ತಂದುಕೊಟ್ಟಿತ್ತಲ್ಲ! ನಡೆದದ್ದು ನಿಮಗೆ ಮರೆತುಹೋಗಿದ್ದರೆ ನಾನು ಹೇಳುತ್ತೇನೆ, ಕೇಳಿ.

ಕನ್ನಡಕದ ಅಂಗಡಿಯ ಹಿಂಭಾಗದ ಕೋಣೆ. ಒಂದು ಗೋಡೆಗೆ ಅಕ್ಷರಗಳ ಹಲಗೆ, ಇನ್ನೊಂದು ಗೋಡೆಯ ಪಕ್ಕ ನನ್ನ ಲೆನ್ಸ್ ಉಜ್ಜುವ ಯಂತ್ರ. ನನ್ನ ಯಂತ್ರ ಎನ್ನುತ್ತಿದ್ದೇನೆ, ಹುಬ್ಬು ಗಂಟಿಕ್ಕಬೇಡಿ. ನೀವು ಮುಂದಿನ ಕೋಣೆಯಲ್ಲಿ ಜನರನ್ನು ಕುರ್ಚಿಗೆ ಒರಗಿಸಿ “ಈ ಸಾಲು ಓದಿ, ಈಗ ಹೇಗಿದೆ, ಮೊದಲಿನದು ಚೆನ್ನಾಗಿತ್ತಾ” ಎಂದು ಡಾಕ್ಟರಂತೆ ಮೆರೆಯುತ್ತಿದ್ದಾಗ, ಹಿಂದೆ ಗಾಜಿನ ಪುಡಿ ಕುಡಿದವಳು ನಾನು. ಅದರ ಕಲ್ಲು ಸವೆದಿದೆಯೋ ಇಲ್ಲವೋ ಎಂಬುದು ಸದ್ದಿನಿಂದಲೇ ನನಗೆ ಗೊತ್ತಾಗುತ್ತಿತ್ತು. ನಿಮಗೆ ಅದರ ಗುಂಡಿ ಯಾವ ಕಡೆ ಇದೆ ಎಂಬುದೂ ಗೊತ್ತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಅದೇ ಕೋಣೆಯಲ್ಲಿ ಪೋಕರ್. ನೀವು, ಎದುರಂಗಡಿಯ ಟೈಲರ್, ಲಾಂಡ್ರಿಯವರು, ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ. ನನ್ನ ಕೆಲಸ ಚಹಾ ತಂದಿಡುವುದು, ನಿಮ್ಮ ಉಪನ್ಯಾಸ ಕೇಳುವುದು. ಕೈಗೆ ಎರಡು ಎಲೆ, ಮೇಜಿನ ಮೇಲೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಕೈಯಲ್ಲೂ ಮೇಜಿನ ಮೇಲೂ ಸೇರಿ ಒಂದೇ ಜಾತಿಯ ಐದು ಎಲೆ ಕೂಡಿದರೆ ಭಾರೀ ಕೈ, ಇಬ್ಬರಿಗೂ ಕೂಡಿದರೆ ದೊಡ್ಡ ಎಲೆ ಇದ್ದವರದು ಗೆಲುವು. ನಾಲ್ಕು ಕೂಡಿದ್ದರೆ, ಐದನೆಯದಕ್ಕೆ ಕಟ್ಟಿನಲ್ಲಿ ಇನ್ನು ಒಂಬತ್ತು ಉಳಿದಿರುತ್ತವೆ. ಒಂಬತ್ತನ್ನು ನಾಲ್ಕರಿಂದ ಗುಣಿಸು, ಸ್ವಲ್ಪ ಕಳೆ, ನೂರಕ್ಕೆ ಮೂವತ್ತೈದು. “ಇಷ್ಟು ಗೊತ್ತಿಲ್ದೆ ಆಡೋರು ದನ ಕಾಯೋಕೆ ಹೋಗ್ಬೇಕು” ಎಂದು ಟೈಲರ್ ಮುಖಕ್ಕೇ ಹೇಳುತ್ತಿದ್ದಿರಿ. ಪಾಪ, ಅವರು ತಲೆಯಾಡಿಸುತ್ತಿದ್ದರು.

ಡಾಕ್ಟರಮ್ಮನ ಬಗ್ಗೆಯಂತೂ ನಿಮಗೆ ಭಾರೀ ತಾತ್ಸಾರ. “ಆಯಮ್ಮಂಗೆ ಹಲ್ಲು ಎಣ್ಸೋಕೆ ಬರುತ್ತೆ ಅಷ್ಟೇ” ಎನ್ನುತ್ತಿದ್ದಿರಿ. ಆಕೆ ಹತ್ತು ಸಲದಲ್ಲಿ ಎಂಟು ಸಲ ಆಡದೆ ಎಲೆ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಅಂಥವರು ಪಣ ಒಡ್ಡಿದಾಗ ಅದಕ್ಕೊಂದು ಅರ್ಥ ಇರುತ್ತದೆ ಎಂದು ಆಟವೇ ಬಾರದ ನನಗೂ ತಿಳಿದಿತ್ತು.

ಆ ದಿನ ನಿಮ್ಮ ಕೈಯಲ್ಲಿ ಆಟೀನ್ ಆರು, ಆಟೀನ್ ಐದು. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ ಗುಲಾಮ, ಕಳಾವರ್ ಮೂರು. ಟೈಲರ್ ಮತ್ತು ಲಾಂಡ್ರಿಯವರು ಎಲೆ ಕೆಳಗಿಟ್ಟರು. ಡಾಕ್ಟರಮ್ಮ ಹಣದ ಬದಲು ಇಟ್ಟಾಡುವ ಬಿಲ್ಲೆ ಒಂದಿಷ್ಟು ಮುಂದಕ್ಕೆ ತಳ್ಳಿದರು. ನಿಮ್ಮ ತುಟಿ ಅಲ್ಲಾಡುವುದು ಕಂಡಿತು, ಒಂಬತ್ತು ನಾಲ್ಕಲಿ. ನೀವೂ ಅಷ್ಟೇ ಹಾಕಿದಿರಿ. ನಾಲ್ಕನೆಯ ಎಲೆ ಆಟೀನ್ ಎರಡು. ನಿಮ್ಮ ಕಿವಿ ಕೆಂಪಾಯಿತು. ನಿಮ್ಮ ಕಿವಿ ಕೆಂಪಾಗುವುದು ಇಡೀ ಬೀದಿಗೆ ಗೊತ್ತು.

ಡಾಕ್ಟರಮ್ಮ ಮತ್ತೆ ತಳ್ಳಿದರು, ಈ ಸಲ ರಾಶಿಯಾಗಿ. ಇದ್ದಬದ್ದ ಬಿಲ್ಲೆ ಹಾಕಿದರೂ ನಿಮಗೆ ಸಾಕಾಗಲಿಲ್ಲ. ಕಣ್ಣಿನ ನಂಬರ್ ಬರೆಯುವ ಚೀಟಿಯ ಹಿಂಬದಿ ‘ಉಜ್ಜುವ ಯಂತ್ರ’ ಎಂದು ಬರೆದು, ಸಹಿ ಹಾಕಿ, ಮೇಜಿನ ನಡುವೆ ಇಟ್ಟಿರಿ. ಆಕೆ ಆ ಚೀಟಿಯನ್ನು ವಾಪಸು ನಿಮ್ಮ ಕಡೆ ಸರಿಸಿದರು.

“ಬೇಡ, ಮೇಜಿನ ಮೇಲಿರೋದ್ರಲ್ಲೇ ಮುಗಿಸೋಣ. ಆ ಯಂತ್ರದಲ್ಲಿ ನಿಮ್ಮ ಮನೆಯವರು ಕೆಲಸ ಮಾಡೋದು,” ಎಂದರು.

“ಯಾಕೆ, ಹೆದ್ರಿಕೆ ಆಯ್ತಾ ಡಾಕ್ಟ್ರೇ?” ಎಂದು ನಕ್ಕಿರಿ ನೀವು.

ಚೀಟಿಯನ್ನು ಮತ್ತೆ ಮೇಜಿನ ನಡುವೆ ಇಟ್ಟಿರಿ. ಕೊನೆಯ ಎಲೆ ಏನಿತ್ತೋ ನೆನಪಿಲ್ಲ, ಅದು ಏನಾಗಿದ್ದರೂ ಅಷ್ಟೇ. ಆಕೆ ತೆರೆದದ್ದು ಎಲ್ಲಕ್ಕಿಂತ ದೊಡ್ಡದಾದ ಆಟೀನ್ ಎಕ್ಕ, ಜೊತೆಗೆ ಆಟೀನ್ ಒಂಬತ್ತು.

ಈಗ ಪಂಡಿತರು ಎಣಿಸಲಿ. ನೀವು ನಂಬಿಕೊಂಡ ಒಂಬತ್ತರಲ್ಲಿ ಎರಡು ಆಕೆಯ ಕೈಯಲ್ಲೇ ಇದ್ದವು. ಉಳಿದ ಏಳರಲ್ಲಿ ಯಾವುದು ಬಿದ್ದರೂ ನಿಮ್ಮದಕ್ಕಿಂತ ದೊಡ್ಡದು ಆಕೆಗೆ ಕೂಡುತ್ತಿತ್ತು. ನಿಮ್ಮ ಎಲೆ ಬಾರದೇ ಹೋಗಿದ್ದರೆ ಒಂದು ಹಿಡಿ ಬಿಲ್ಲೆಯಲ್ಲಿ ಮುಗಿಯುತ್ತಿತ್ತು. ಬಂದಿತು, ಅದಕ್ಕೇ ಎಲ್ಲವೂ ಹೋಯಿತು. ಬಂದರೆ ಎಷ್ಟು ಗೆಲ್ಲಬಹುದು ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆದಿದ್ದೀರಿ, ಬಂದೂ ಸೋತರೆ ಎಷ್ಟು ಹೋಗುತ್ತದೆ ಎಂದು ಒಂದು ಸಾಲೂ ಇಲ್ಲ. ಹುಡುಕಿ ನೋಡಿದ್ದೇನೆ. ಆರು–ಐದರ ಬಡಕಲು ಆಟೀನಿಗೆ ಸೋಲಲೆಂದು ಅಷ್ಟು ಬಿಲ್ಲೆ ಸುರಿಯುವವರು ಯಾರು ಸ್ವಾಮೀ? ಸಣ್ಣಪುಟ್ಟ ಎಲೆಯವರು ಮೂರನೇ ಆಟೀನ್ ಕಂಡಕೂಡಲೇ ಎದ್ದುಹೋಗುತ್ತಾರೆ. ನಿಮ್ಮ ಎದುರು ಕೂತು ರಾಶಿ ತಳ್ಳುವವರು ನಿಮ್ಮನ್ನು ಮೀರಿಸಿದವರೇ. ಗೆದ್ದರೆ ಚೂರು, ಸೋತರೆ ಅಂಗಡಿ. ಇಷ್ಟು ಅರ್ಥವಾಗಲು ಗುಣಾಕಾರ ಬೇಡ, ಎದುರಿಗೆ ಕೂತವರೂ ಮನುಷ್ಯರು, ಅವರ ಕೈಯಲ್ಲೂ ಎಲೆ ಇದೆ ಎಂಬ ಜ್ಞಾನ ಸಾಕು. ನಿಮಗೆ ಇಲ್ಲದ್ದು ಅದೊಂದೇ.

ಸೋಮವಾರ ಯಂತ್ರ ಸಾಗಿಸಲು ಇಬ್ಬರು ಬಂದಾಗ ನೀವೆಲ್ಲಿದ್ದಿರಿ? ತಲೆನೋವೆಂದು ಮಲಗಿದ್ದಿರಿ. ಬಸ್ ಡ್ರೈವರ್ ಒಬ್ಬರ ಕನ್ನಡಕ ಅರ್ಧವಾಗಿತ್ತು, ಅದಿಲ್ಲದೆ ಅವರು ಕೆಲಸಕ್ಕೆ ಹೋಗುವಂತಿರಲಿಲ್ಲ. ಒಂದು ಗಂಟೆ ಕೊಡಿ ಎಂದು ಬಂದವರನ್ನು ಕೇಳಿಕೊಂಡೆ. ಅವರು ಗೋಡೆಗೆ ಒರಗಿ ನಿಂತು ಕಾದರು. ಬಲಗಡೆಯ ಗಾಜಿನ ಅಂಚು ಉಜ್ಜುವಾಗ ಕಣ್ಣೀರು ಬಂದದ್ದು ನಿಜ. ಅವರಲ್ಲೊಬ್ಬ ಅದನ್ನು ನೋಡಿ ಬಾಗಿಲ ಕಡೆ ಮುಖ ತಿರುಗಿಸಿಕೊಂಡ. ನೀವಾಗಿದ್ದರೆ ಕಣ್ಣಿಗೆ ಗಾಜಿನ ಪುಡಿ ಬಿತ್ತೇ ಎಂದು ಕೇಳುತ್ತಿದ್ದಿರಿ.

ಮುಗಿಸಿ, ಯಂತ್ರದ ಜೊತೆಗೇ ಮೇಲಿನ ಮಹಡಿಗೆ ಹೋದೆ. ಡಾಕ್ಟರಮ್ಮ ಕೈಗವಸು ತೆಗೆಯುತ್ತಾ, “ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಪಕ್ಕದ ಕೋಣೆ ಖಾಲಿ ಇದೆ. ನೀವೇ ನಡ್ಸಿ,” ಎಂದರು. ಅವತ್ತಿನಿಂದ ಇಲ್ಲಿದ್ದೇನೆ. ಊರಿನ ಐದು ಅಂಗಡಿಗಳ ಲೆನ್ಸ್ ಈಗ ನನ್ನ ಹತ್ತಿರ ಬರುತ್ತದೆ. ಬಾಗಿಲ ಮೇಲೆ ನನ್ನ ಹೆಸರಿದೆ. ಭಾನುವಾರ ನಿದ್ದೆ ಮಾಡುತ್ತೇನೆ.

ಅಂಗಡಿಗೆ ಬೀಗ ಹಾಕಿ ನೀವು ಹೋಗಿ ಸೇರಿದ ಊರಿನಲ್ಲಿ ಪೋಕರ್ ಲೆಕ್ಕ ಕಲಿಸುವ ಕ್ಲಾಸು ತೆರೆಯುತ್ತೀರಂತೆ, ಇಲ್ಲಿಯದನ್ನೆಲ್ಲ ಮಾರಿ ನಾನು ಬಂದುಬಿಡಬೇಕಂತೆ. ನನಗೆ ಗಂಡ ವಾಪಸು ಸಿಗುವ ಸಾಧ್ಯತೆ ಇಷ್ಟೆಂದು ಎಣಿಸಿದಿರಲ್ಲ, ಸಿಕ್ಕ ಮೇಲೆ ನನ್ನ ಗತಿ ಏನು ಎಂದು ಎಣಿಸಿದಿರಾ? ಬರುವುದಿಲ್ಲ. ಕ್ಲಾಸು ಧಾರಾಳವಾಗಿ ತೆರೆಯಿರಿ. ನಿಮ್ಮ ಹತ್ತಿರ ಕಲಿತವರ ಜೊತೆ ಆಡಲು ಜನ ಸಾಲುಗಟ್ಟಿ ನಿಲ್ಲುತ್ತಾರೆ.

ವಕೀಲರ ಕಾಗದ ಇದರ ಜೊತೆಗಿದೆ. ಸಹಿ ಹಾಕಿ ಕಳಿಸಿ. ಚೀಟಿಯ ಹಿಂಬದಿಯಲ್ಲಿ ಅಷ್ಟು ಚಂದ ಹಾಕಿದವರಿಗೆ ಇದೇನು ಕಷ್ಟವಲ್ಲ.

ಆ ಸಹಿ ಬೀಳುವವರೆಗೆ ಮಾತ್ರ ನಿಮ್ಮ,
ಹೆಂಡತಿ

ಮ.ಬಿ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ನಾಲ್ಕನೆಯ ಎಲೆ ಬಿದ್ದಾಗ ನಾನು ಡಾಕ್ಟರಮ್ಮನ ಭುಜದ ಹಿಂದೆ ಚಹಾ ಇಡುತ್ತಿದ್ದೆ. ಆಕೆ ತಮ್ಮ ಎರಡೂ ಎಲೆಗಳ ತುದಿ ಎತ್ತಿ ಇನ್ನೊಮ್ಮೆ ನೋಡಿಕೊಂಡರು. ಎರಡೂ ಆಟೀನ್, ಒಂದು ಎಕ್ಕ ಎಂದು ನನಗೂ ಕಂಡಿತು. ಬಿಲ್ಲೆ ಮುಗಿದಾಗ ನೀವು ಚೀಟಿ ಹಿಡಿದುಕೊಂಡು, ಮುಖ ಕೂಡ ಎತ್ತದೆ, “ಏನೇ, ಇಟ್ಬಿಡ್ಲಾ?” ಎಂದು ಕೇಳಿದಿರಿ. ಹನ್ನೊಂದು ವರ್ಷದಲ್ಲಿ ನೀವು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. “ಇಡಿ” ಅಂದೆ. ನಿಮ್ಮ ನಾಲ್ಕು ಹಾಳೆಗಳಲ್ಲಿ ಆ ಮಾತಿಲ್ಲ, ನಿಮಗೆ ಅದು ಕೇಳಿಸಿಯೇ ಇರಲಿಲ್ಲ. ಯಂತ್ರ ಮತ್ತೆ ನನ್ನ ಕೈಸೇರುತ್ತದೆಂದು ನನಗಾಗ ಗೊತ್ತಿರಲಿಲ್ಲ. ಅದೂ ಹೋಗಲಿ, ನೀವೂ ಹೋಗಿ ಎಂದುಕೊಂಡೇ ಹೇಳಿದ್ದೆ. ಅವರ ಎಲೆ ಕಂಡೇ ನಾನು ಹಾಗೆಂದೆ ಎಂಬುದು ಡಾಕ್ಟರಮ್ಮನಿಗೆ ಗೊತ್ತಿಲ್ಲ. ದಿನಾ ನನ್ನನ್ನು ಕಂಡಾಗ ಅವರು, ಅವತ್ತು ತಾವು ಇನ್ನೂ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು ಎಂದು ಪೇಚಾಡುತ್ತಾರೆ. ನಾನು ತಲೆ ತಗ್ಗಿಸಿ ಗಾಜು ಉಜ್ಜುತ್ತೇನೆ.