ಅಮ್ಮನ ಕಡೆಯ ಗಾಜು

ಅಪ್ಪಾ,

ಆಪರೇಷನ್ ಆದ ಮಂಡಿ ಹೇಗಿದೆ? ಡಾಕ್ಟರ್ ಬಿಡುವವರೆಗೂ ಅತ್ತೆಯ ಮನೆಯಲ್ಲೇ ಸುಮ್ಮನಿರಿ.

ನಮ್ಮ ಹಳೇ ಕಾರಿನ ಬಾಗಿಲು ಬಿಚ್ಚಿ ನೋಡಿದೆ. ಅಮ್ಮನ ಕಡೆಯ ಗಾಜು ಎತ್ತುವ ಚಕ್ರದ ಹಲ್ಲುಗಳು ಪೂರ್ತಿ ಸವೆದುಹೋಗಿದ್ದವು. ಗುಜರಿಯಲ್ಲಿ ಹುಡುಕಿ ಬೇರೆಯದು ತಂದು ಕೂರಿಸಿ, ಗ್ರೀಸ್ ಹಚ್ಚಿದ್ದೇನೆ. ಇಷ್ಟು ವರ್ಷ ಅಮ್ಮ ಒಳಗಿನಿಂದ ಹಿಡಿ ತಿರುಗಿಸುವಾಗ ನೀವು ಇಳಿದು, ಸುತ್ತಿ ಬಂದು, ಹೊರಗಿನಿಂದ ಎರಡೂ ಅಂಗೈಯಲ್ಲಿ ಗಾಜು ಮೇಲೆತ್ತುತ್ತಿದ್ದಿರಲ್ಲ, ಆ ಕಷ್ಟ ಇನ್ನಿಲ್ಲ ಅಂದುಕೊಂಡೆ.

ಅಮ್ಮನನ್ನು ಕೂರಿಸಿ ತೋರಿಸಿದೆ. ಒಂದೇ ಕೈಯಲ್ಲಿ ತಿರುಗಿಸಿದಳು, ಗಾಜು ಸರಾಗವಾಗಿ ಏರಿತು. ಹೊಗಳುತ್ತಾಳೆ ಅಂತ ಕಾದೆ. "ಹಾಗಾದ್ರೆ ಇನ್ಮೇಲೆ ಅವ್ರು ಈ ಕಡೆ ಬರೋದೇ ಇಲ್ಲ ಅನ್ನು," ಎಂದಳು.

ಬೆಳಗ್ಗೆ ನೋಡಿದರೆ ಗಾಜು ಅರ್ಧಕ್ಕೆ ಇಳಿದಿದೆ. "ನಿನ್ನ ರಿಪೇರಿ ಬಾಳಲಿಲ್ಲ ಕಣೇ, ಅಪ್ಪನೇ ಬರ್ಬೇಕು," ಎನ್ನುತ್ತಾಳೆ. ಮತ್ತೆ ಬಿಚ್ಚಿ ನೋಡಿದೆ, ಎಲ್ಲ ಸರಿಯಾಗಿಯೇ ಇದೆ.

ನೀವು ಬಂದ ಮೇಲೆ, ಕಾರು ಹತ್ತುವ ಮುಂಚೆ ನಿಧಾನಕ್ಕೆ ಅಮ್ಮನ ಕಡೆ ಹೋಗಿ ಗಾಜಿಗೆ ಅಂಗೈ ಇಟ್ಟು ನಿಂತುಕೊಳ್ಳಿ. ಬಲ ಹಾಕಬೇಡಿ, ಅದು ಸುಲಭವಾಗಿ ಏರುತ್ತದೆ. ತಿಣುಕುವವರ ಹಾಗೆ ಮುಖ ಮಾಡಿದರೆ ಸಾಕು.

ಇತಿ,
ಕೈಗೆ ಇನ್ನೂ ಗ್ರೀಸ್ ಮೆತ್ತಿಕೊಂಡಿರುವ ನಿಮ್ಮ ಮಗಳು