ಕುಡಿಯದ ಕಾಫಿಗೆ ಕೊಟ್ಟ ಮಾತು

ದೇರ್ ಅಲ್-ಲೋಜ್, ಬೆತ್ಲೆಹೇಮ್ ಹತ್ತಿರ
೨೨ ಜುಲೈ ೨೦೧೧

ಪ್ರೀತಿಯ ತಮ್ಮ ನಖ್ಲೆಗೆ, ಅಣ್ಣ ಸಾಬಾನ ಆಶೀರ್ವಾದಗಳು.

ನಿನ್ನ ಮೊಣಕಾಲು ಈಗ ಹೇಗಿದೆ? ಸಾಂತಿಯಾಗೋದಲ್ಲಿ ಈಗ ಚಳಿಗಾಲವಲ್ಲವೇ, ಅಂಗಡಿಯ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ. ಕಿವಿಗೆ ಯಂತ್ರ ಹಾಕಿಸಿಕೊಂಡೆಯೋ ಇಲ್ಲವೋ? ಫೋನಿನಲ್ಲಿ ನಾನೊಂದು ಕೇಳಿದರೆ ನೀನೊಂದು ಹೇಳುತ್ತೀ, ಕೊನೆಗೆ ಇಬ್ಬರೂ ಕೂಗಾಡಿ ಸುಸ್ತಾಗುತ್ತೇವೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ನಜ್ಲಾ ಇವತ್ತು ಗಡಿಯ ಸೇತುವೆ ದಾಟಿ ಅಮ್ಮಾನಿಗೆ ಹೋಗಿ, ಅಲ್ಲಿಂದ ನಿಮ್ಮೂರಿನ ವಿಮಾನ ಹತ್ತುತ್ತಾಳೆ. ಅವಳ ಕೈಯಲ್ಲಿ ನಿನ್ನ ಅತ್ತಿಗೆ ಅಫೀಫೆ ಝಾತರ್ ಪುಡಿಯನ್ನೂ ಕಳಿಸುತ್ತಿದ್ದಾಳೆ, ಎಳ್ಳು ಹುರಿದದ್ದು ಸ್ವಲ್ಪ ಹೆಚ್ಚಾಗಿದೆಯಂತೆ, ಬೈದುಕೊಳ್ಳಬೇಡ. ನನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಅಫೀಫೆಯ ಬಾಯಿ ಯಾರ ಹತೋಟಿಯಲ್ಲೂ ಇಲ್ಲ.

ನಮ್ಮ ಹಳ್ಳದ ಅವಸ್ಥೆಯನ್ನು ಹಿಂದೆಯೇ ಹೇಳಿದ್ದೆ. ಊರಿನ ಕಕ್ಕಸು ಗುಂಡಿಗಳೆಲ್ಲ ತುಂಬಿ, ಕೊಳಚೆ ಸೋರಿ ಒರತೆಗೆ ಸೇರುತ್ತಿದೆ, ಅಲ್ಲಿಂದ ಹಳ್ಳ ಹಿಡಿದು ಕೆಳಗಿನ ಯಹೂದಿಗಳ ಪಟ್ಟಣಕ್ಕೆ ಹರಿಯುತ್ತದೆ. ಇಲ್ಲಿ ಮಕ್ಕಳಿಗೆ ಹೊಟ್ಟೆನೋವು, ಅಲ್ಲಿ ಮಕ್ಕಳು ಹಳ್ಳಕ್ಕೆ ಇಳಿಯುವಂತಿಲ್ಲ. ಇದನ್ನು ಸರಿಪಡಿಸಿದರೆ ಎರಡೂ ಕಡೆಯವರ ನಡುವೆ ಶಾಂತಿಗೂ ದಾರಿಯಾದೀತೆಂದು ಡೆನ್ಮಾರ್ಕಿನ ಒಂದು ಸಂಸ್ಥೆಯವರು ಮೂರು ವರ್ಷದಿಂದ ಓಡಾಡುತ್ತಿದ್ದಾರೆ. ಅವರ ಕಡೆಯಿಂದ ಬರುವವಳು ಬೊಡಿಲ್, ನೆಟ್ಟಗಿನ ಹೆಂಗಸು, ಅರಬ್ಬಿ ಚೆನ್ನಾಗಿ ಕಲಿತಿದ್ದಾಳೆ. ನಮ್ಮನ್ನೂ ಕೆಳಗಿನ ಪಟ್ಟಣದವರನ್ನೂ ಹೋಟೆಲಿಗೆ ಕರೆದು, ಗೋಡೆಗೆ ಬಣ್ಣದ ಚೀಟಿ ಅಂಟಿಸಿ, ನಿಮ್ಮ ಭಯವೇನು, ನಿಮ್ಮ ಕನಸೇನು ಎಂದು ಬರೆಸಿದರು. ಶಾಂತಿ ಎಂಬ ಮಾತು ಬಂದ ಕಡೆಯಲ್ಲೆಲ್ಲ ಒಳ್ಳೆಯ ಬಿಸ್ಕತ್ತು ಇರುತ್ತದೆ, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು. ಕೊಳಚೆ ನೀರು ಸೋಸುವ ಹೊಂಡಗಳಿಗೆ ಹಣ ಬಂತು, ನಕ್ಷೆ ಬಂತು, ಯಹೂದಿಗಳ ಸೈನ್ಯದ ಕಚೇರಿಯಿಂದ ಪರವಾನಗಿಯೂ ಬಂತು. ಅದರ ಅವಧಿ ಈ ವರ್ಷದ ಕೊನೆಗೆ ಮುಗಿಯುತ್ತದೆ. ಬಾರದೆ ಉಳಿದದ್ದು ಜಾಗ ಒಂದೇ.

ಊರಿನ ನೀರೆಲ್ಲ ತಾನಾಗಿ ಇಳಿದು ಬರುವುದು ನಮ್ಮ ಬಾದಾಮಿ ಹೊಲಕ್ಕೇ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಊರ ಸಮಿತಿಯ ಯಜಮಾನ ಮಿತ್ರಿ ಬಂದಾಗಲೆಲ್ಲ ಫಸಲು ಹೇಗಿದೆ ಎಂದು ಕೇಳುತ್ತಿದ್ದ, ನಾನು ಪರವಾಗಿಲ್ಲ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಹೊಲ ಬರೆದುಕೊಡಬೇಕಾದದ್ದು ನಮ್ಮ ಊರ ಸಮಿತಿಗೇ ಹೊರತು ಅವರಿಗಲ್ಲ, ನಿಜ. ಆದರೆ ಯಹೂದಿಗಳು ಎದುರು ಕೂತಿರುವಾಗ ನೆಲದ ಮಾತೆತ್ತಿದವನಿಗೆ ಮಾರಿಕೊಂಡವನೆಂಬ ಹೆಸರು ಅಂಟಿದರೆ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ನನಗೂ ಹೆದರಿಕೆಯಿತ್ತು.

ಕಳೆದ ಮಂಗಳವಾರದ ಸಭೆ ನಮ್ಮ ಮನೆಯಲ್ಲೇ ಆಯಿತು, ಸಮಿತಿಯ ಕೋಣೆಯಲ್ಲಿ ಫ್ಯಾನು ಕೆಟ್ಟಿತ್ತು. ಬೊಡಿಲ್, ಮಿತ್ರಿ, ಊರಿನ ನಾಲ್ಕಾರು ಹಿರಿಯರು, ಮತ್ತೆ ಕೆಳಗಿನ ಪಟ್ಟಣದ ನೀರಿನ ಇಲಾಖೆಯ ಜೆಹಾವಾ. ಆಕೆಯ ಹಿರಿಯರು ಬಾಗ್ದಾದಿನಿಂದ ಬಂದವರು, ಅರಬ್ಬಿ ನಮಗಿಂತ ಗಟ್ಟಿಯಾಗಿ ಮಾತಾಡುತ್ತಾಳೆ. ತಲೆಗೆ ವಸ್ತ್ರ ಕಟ್ಟುವ ದೈವಭಕ್ತೆ. ನಾನು ಎಂದಿನಂತೆ ಕಹಿ ಕಾಫಿ ಸುರಿದು ಎಲ್ಲರಿಗೂ ಕೊಟ್ಟೆ. ಎಲ್ಲರೂ ಕುಡಿದರು. ಜೆಹಾವಾ ಮಾತ್ರ ಬಟ್ಟಲನ್ನು ತನ್ನ ಮುಂದೆ ಇಟ್ಟುಕೊಂಡು, ಕೈಕಟ್ಟಿ, ಕಿಟಕಿಯಾಚೆ ಹೊಲದ ಕಡೆ ನೋಡುತ್ತ ಕೂತಳು.

ಅಪ್ಪ ನಿನಗೆ ಹೆಣ್ಣು ಕೇಳಲು ಹೋದ ದಿನ ನಿನಗೆ ನೆನಪಿರಬೇಕು. ಮುಂದಿಟ್ಟ ಬಟ್ಟಲನ್ನು ಮುಟ್ಟದೆ ಕೂತರು. ನಿನ್ನ ಮಾವ ‘ಕುಡೀರಿ, ಹುಡುಗಿ ನಿಮ್ಮವಳೇ’ ಎನ್ನುವವರೆಗೆ ಒಂದು ಹನಿಯೂ ತುಟಿಗೆ ತಾಗಿಸಲಿಲ್ಲ. ಮಂಗಳವಾರ ನನ್ನ ಮನೆಯಲ್ಲಿ ಅದೇ ಆಗುತ್ತಿತ್ತು. ಹಿರಿಯರೆಲ್ಲ ಬಟ್ಟಲು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬೊಡಿಲ್ ಕೊಳವೆಯ ಅಳತೆ ಓದುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಏನೇನೋ ಬಂತು, ನಖ್ಲೆ. ಇಷ್ಟು ಜನ ಇಷ್ಟು ವರ್ಷ ಸುತ್ತಿಬಳಸಿ ಮಾತಾಡಿದರು, ಈ ಹೆಂಗಸೊಬ್ಬಳು ನಮ್ಮ ರೀತಿಯಲ್ಲಿ, ಮರ್ಯಾದೆಯಿಂದ, ನನ್ನ ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದಾಳೆ ಎನಿಸಿತು. ಇಲ್ಲ ಎಂದು ಕಳಿಸಿದರೆ ಅಪ್ಪನ ಮನೆಗೆ ಏನು ಬೆಲೆ? ಅರ್ಧ ಹೊಲ ನಿನ್ನದೆಂಬುದು ನೆನಪಿಗೆ ಬರಲಿಲ್ಲವೆಂದಲ್ಲ, ಬಂತು. ಆದರೂ ಎದ್ದು ನಿಂತು ಹೇಳಿಬಿಟ್ಟೆ:

“ಕುಡಿಯಮ್ಮ. ನೀನು ಕೇಳೋಕೆ ಬಂದದ್ದು ಕೊಟ್ಟಾಯ್ತು. ಬಾದಾಮಿ ಹೊಲ ಊರಿಗೆ ಸೇರ್ತು.”

ಬೊಡಿಲ್‌ಗೆ ಮಾತೆಲ್ಲ ಅರ್ಥವಾಗಿಯೂ ಏನಾಯಿತೆಂದು ತಿಳಿಯಲಿಲ್ಲ. ಜೆಹಾವಾಳ ಮುಖ ಕೆಂಪಾಯಿತು.

“ಯಜಮಾನ್ರೇ, ನಾನೇನೂ ಕೇಳ್ಲಿಲ್ಲ. ಇವತ್ತು ನಮಗೆ ಉಪವಾಸ, ಕತ್ತಲಾಗೋವರೆಗೆ ನೀರೂ ಮುಟ್ಟೋ ಹಾಗಿಲ್ಲ. ಹೇಳಿದ್ರೆ ನಿಮಗೆ ಮುಜುಗರ ಆಗತ್ತೆ ಅಂತ ಸುಮ್ನೆ ಕೂತೆ.”

ಹಿಂದಿನ ಕಾಲದಲ್ಲಿ ಶತ್ರುಗಳು ಜೆರುಸಲೇಮಿನ ಗೋಡೆ ಒಡೆದ ದಿನವಂತೆ, ಅದಕ್ಕೆ ಉಪವಾಸ. ಮಿತ್ರಿಯ ನಾಲಿಗೆ ಸುಮ್ಮನಿರುತ್ತದೆಯೇ? “ಹಂಗಾದ್ರೆ ನೀವು ನಮ್ಮ ಸುತ್ತ ಗೋಡೆ ಕಟ್ಟಿದ ದಿನಕ್ಕೆ ನಾವು ಉಪವಾಸ ಮಾಡ್ಬೇಕು” ಎಂದ. ಜೆಹಾವಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ, ತಲೆ ತಗ್ಗಿಸಿದಳು. ಕೊಟ್ಟ ಮಾತು ಕೇಳಿಸಲಿಲ್ಲವೆಂದು ತಿಳಿದುಕೊಳ್ಳುತ್ತೇನೆ ಎಂದೂ ಹೇಳಿದಳು. ಅದು ಆಗುವ ಮಾತಲ್ಲ, ಹಿರಿಯರೆಲ್ಲ ಕೇಳಿಸಿಕೊಂಡಿದ್ದರು. ಒಳಗಿನಿಂದ ಬಂದ ಅಫೀಫೆ ಎಲ್ಲರೆದುರೇ ನನಗೆ ಮಂಗಳಾರತಿ ಎತ್ತಿದಳು. “ಆ ತಾಯಿ ತುಟಿ ಒಣಗಿದ್ದು ನಂಗೆ ಬಾಗಿಲಲ್ಲೇ ಕಾಣಿಸ್ತು. ನಿಮಗೆ ಬರೀ ಬಟ್ಟಲು ಕಾಣಿಸ್ತಾ?” ಅವಳೂ ಚರ್ಚಿನ ನೇಮದಂತೆ ವರ್ಷದ ಅರ್ಧದಷ್ಟು ದಿನ ಉಪವಾಸ ಇರುವವಳು ತಾನೇ.

ಬೊಡಿಲ್ ಹೊರಡೋಣ ಎಂದಾಗ ಜೆಹಾವಾ ಏಳಲಿಲ್ಲ. ಕೊಟ್ಟ ಮೇಲೆ ಕುಡಿಯದೆ ಹೋದರೆ ಅವಮಾನವಾಗುತ್ತದೆಂದು ಆಕೆಗೆ ಗೊತ್ತಿತ್ತು. ಕತ್ತಲಾಗುವವರೆಗೆ ಜಗಲಿಯ ಮೇಲೆ ಕೂತು ಅಫೀಫೆಯ ಜೊತೆ ಅಡುಗೆಗೆ ದ್ರಾಕ್ಷಿ ಎಲೆ ಬಿಡಿಸಿದಳು. ನಕ್ಷತ್ರ ಕಂಡ ಮೇಲೆ ಅಫೀಫೆ ಮೊದಲು ಖರ್ಜೂರ ತಿನ್ನಿಸಿ, ಆಮೇಲೆ ಹೊಸದಾಗಿ ಕಾಫಿ ಕಾಯಿಸಿ ಕೊಟ್ಟಳು. ಒಂದೇ ಗುಟುಕಿಗೆ ಕುಡಿದು, ನಿಮ್ಮ ಕೈ ಸಲಾಮತ್ತಾಗಿರಲಿ ಎಂದು ಹರಸಿ ಹೋದಳು.

ಮಾರನೆಯ ದಿನ ಚರ್ಚಿನ ಹತ್ತಿರ ಕೆಲವರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಸಾಬಾ ಮಾರಿಕೊಂಡ ಎಂದು ಒಬ್ಬ ಅಂದದ್ದೂ ಕಿವಿಗೆ ಬಿತ್ತು. ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಸಂಜೆ ಮೂವರು ಹೆಂಗಸರು ಅಫೀಫೆಗೆ ತಟ್ಟೆ ತುಂಬ ಅಂಜೂರ ತಂದುಕೊಟ್ಟರು. ಇದರಿಂದ ಶಾಂತಿ ಬರುತ್ತದೋ ಇಲ್ಲವೋ ನಾನು ಹೇಳಲಾರೆ. ನಾರುವುದು ನಿಂತರೆ ಸಾಕಾಗಿದೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ನಮ್ಮಿಬ್ಬರ ಪ್ರೀತಿ ತಿಳಿಸು. ಸಂತ ಜಾರ್ಜರು ನಿನ್ನ ಮನೆ ಬಾಗಿಲು ಕಾಯಲಿ.

ಇಂತಿ ನಿನ್ನ ಅಣ್ಣ,
ಸಾಬಾ

ತಾ.ಕ.: ನಜ್ಲಾಳ ಟ್ಯಾಕ್ಸಿ ಬಂದು ನಿಂತಿದೆ. ನಿನ್ನ ಅರ್ಧಕ್ಕೆ ನಿನ್ನ ಒಪ್ಪಿಗೆ ಬೇಕು, ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ರುಜು ಹಾಕಿ ವರ್ಷ ಮುಗಿಯುವುದರೊಳಗೆ ಕಳಿಸಬೇಕು. ಹೋಗುವಾಗ ಆ ಹೊಲದಲ್ಲೇ ಮನೆ ಕಟ್ಟುತ್ತೇನೆಂದು ಹೇಳಿ ಹೋದವನು ನೀನು. ಪ್ರತಿ ಈಸ್ಟರಿಗೆ ಅದನ್ನೇ ಹೇಳುತ್ತೀ, ನಾನು ಹೂಂ ಅನ್ನುತ್ತೇನೆ. ನಿನಗೆ ಇಲ್ಲಿ ಸಿಗುವುದು ಪ್ರವಾಸಿಯ ವೀಸಾ ಮಾತ್ರ ಎಂಬುದು ಇಬ್ಬರಿಗೂ ಗೊತ್ತಿದೆ. ಆದರೂ, ಬರುತ್ತೇನೆ ಎಂದು ಒಂದು ಸಾಲು ಬರೆ, ಊರೆಲ್ಲರ ಮುಂದೆ ನಿಂತು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಮುಖಕ್ಕೆ ಉಗಿದರೂ ಸರಿ. ಬರುವುದಿಲ್ಲವಾದರೆ ರುಜು ಹಾಕಿದ ಕಾಗದ ಮಾತ್ರ ಕಳಿಸು, ಅದರ ಜೊತೆ ಏನೂ ಬರೆಯಬೇಡ.