ಮೂಲೆ ಹರಿದ ಕಾಗದ

ಬೀದರ, ಭಾನುವಾರ

ದೊಡ್ಡಮ್ಮನವರಿಗೆ,

ನಾನು ಆರೋಗ್ಯವಾಗಿದ್ದೇನೆ.

ಭಾಲ್ಕಿಯ ಮನೆತನವೊಂದು ಇಲ್ಲಿನ ಸಂಗ್ರಹಾಲಯಕ್ಕೆ ಕೊಟ್ಟಿರುವ ನಿಜಾಮರ ಕಾಲದ ಕಾಗದಗಳನ್ನು ಬಿಡಿಸಿ ಜೋಡಿಸುತ್ತಿದ್ದೇವೆ. ಪೆಟ್ಟಿಗೆ ತುಂಬ ಮದುವೆ, ಬಾಣಂತನ, ಜೋಳದ ಬೆಳೆಯ ಸುದ್ದಿ. ನಾಲ್ಕು ತಲೆಮಾರಿನಲ್ಲಿ ಒಬ್ಬರೂ ಸತ್ತಿಲ್ಲ. ಇದೇನೆಂದು ಉರ್ದು ಓದಿ ಹೇಳುವ ಮುಸರ್ರತ ಆಪಾರನ್ನು ಕೇಳಿದೆ.

"ಯಾರರ ತೀರ್ಕೊಂಡ್ರ ಕಾಗದದ ಮೂಲಿ ಹರದು ಕಳಸ್ತಿದ್ರರೀ. ಓದಿದ ಮ್ಯಾಲ ಅದನ್ನ ಮನ್ಯಾಗ ಇಡ್ತಿರಲಿಲ್ಲ, ಹರದು ಒಗೀತಿದ್ರು" ಎಂದರು.

ನಿನ್ನೆ ತಳದಲ್ಲಿ ಅಂಥದ್ದೊಂದು ಸಿಕ್ಕಿತು. ಮೇಲಿನ ವಿಳಾಸ ನೋಡಿದರೆ, ಆ ಮನೆಯ ಸೊಸೆ ಸುಂದರಬಾಯಿಗೆ ಔರಾದಿನ ತವರಿನಿಂದ ಬಂದದ್ದು. ಮೂಲೆ ಹರಿದಿದೆ, ಅಂಟು ಮಾತ್ರ ಬಿಚ್ಚಿಲ್ಲ. ಆಕೆ ಅದನ್ನು ಓದಲೂ ಇಲ್ಲ, ಒಗೆಯಲೂ ಇಲ್ಲ. ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ. ಅಂಗೈ ಮೇಲಿಟ್ಟರೆ ತೂಕವೇ ಇಲ್ಲ. ಬಿಚ್ಚೋಣವೇ ಎಂದು ಆಪಾರನ್ನು ಕೇಳಿದೆ.

"ಆಕಿನೇ ಒಡೀಲಿಲ್ಲ. ಆಕಿ ಪಾಲಿಗಿ ತವರಮನ್ಯಾಗ ಎಲ್ಲಾರೂ ಇದ್ದಾರ. ನಾವ್ಯಾಕ ಒಡೀಬೇಕ್ರಿ?" ಎಂದು ಆಪಾ ಅದನ್ನು ಮತ್ತೆ ಬಟ್ಟೆಯಲ್ಲೇ ಸುತ್ತಿಟ್ಟರು.

ನೌಬಾದದಲ್ಲಿ ರೂಮು ಸಿಕ್ಕಿದೆ. ಕೆಮ್ಮು ಹೋಗಿದೆ, ಜೋಳದ ರೊಟ್ಟಿ ಒಗ್ಗಿದೆ. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಮೊದಲ ಸಾಲನ್ನು ಅಷ್ಟು ದಪ್ಪಗೆ ಬರೆದದ್ದೇಕೆಂದರೆ, ನಿಮ್ಮ ಕೈ ಸೇರುವಷ್ಟರಲ್ಲಿ ಇದರ ಮೂಲೆ ಹೇಗಿರುತ್ತದೋ ಗೊತ್ತಿಲ್ಲ.

ನಿಮ್ಮ
ವಾರಿಜ